ಮೃತರ ದಿನ: ಮನೆಯಲ್ಲೋ, ಶಾಲೆಯಲ್ಲೋ?

ಮೆಕ್ಸಿಕೋದ ‘ದಿಯಾ ದೆ ಮುಯೆರ್ತೋಸ್’ (ಮೃತರ ದಿನ) ಹಬ್ಬದಲ್ಲಿ ನವೆಂಬರ್ 1ರಂದು ತೀರಿಹೋದ ಮಕ್ಕಳನ್ನೂ 2ರಂದು ಹಿರಿಯರನ್ನೂ ನೆನೆಯುವುದು ವಾಡಿಕೆ. ಮನೆಯಲ್ಲಿ ‘ಒಫ್ರೆಂದಾ’ ಎಂಬ ಪೀಠವನ್ನು ಸಜ್ಜುಗೊಳಿಸಿ, ಅಗಲಿದ ಅಜ್ಜನ ಭಾವಚಿತ್ರದ ಮುಂದೆ ಚೆಂಡುಹೂವು (ನಮ್ಮಲ್ಲಿಗೂ ಈ ಹೂವು ಬಂದದ್ದು ಆ ನೆಲದಿಂದಲೇ), ಮೇಣದಬತ್ತಿ, ನೀರು, ಉಪ್ಪು ಮತ್ತು ಅವರಿಗೆ ಪ್ರಿಯವಾಗಿದ್ದ ತಿನಿಸನ್ನು ಇಡುವಾಗ, ಮಗು ತಾನು ಕಾಣದ ಹಿರಿಯರ ಕಥೆಗಳನ್ನು ಕೇಳಿಸಿಕೊಳ್ಳುತ್ತದೆ. ಶಾಲೆಯಲ್ಲಿ ಬಣ್ಣದ ಕಾಗದವನ್ನು ಕತ್ತರಿಸಿ ತೋರಣ ಕಟ್ಟುವುದು, ತಲೆಬುರುಡೆಯಂತೆ ಮುಖಕ್ಕೆ ಬಣ್ಣ ಬಳಿದುಕೊಳ್ಳುವುದು, ಶಿಕ್ಷಕರನ್ನೇ ಕಿಚಾಯಿಸುವ ‘ಕಲಾವೆರೀತಾ’ ಪದ್ಯಗಳನ್ನು ಓದುವುದು ಇವೆಲ್ಲ ಇರುವುದರಿಂದ ಸಂಭ್ರಮ ಹೆಚ್ಚು; ಆದರೆ ಅಲ್ಲಿನ ಪೀಠವು ಎಲ್ಲರದ್ದಾಗಿರುವ ಕಾರಣ ಸ್ವಂತ ದುಃಖಕ್ಕೆ ಅಲ್ಲಿ ಬಿಡುವು ಕಡಿಮೆ. ಇತ್ತೀಚೆಗೆ ಸಾವನ್ನು ಕಂಡ ಮನೆಯ ಮಗುವಿಗೆ ಮನೆಯ ಪೀಠವೇ ಮೇಲು. ಪರಿಚಯವಷ್ಟೇ ಬೇಕಿದ್ದರೆ ಶಾಲೆಯ ಆಚರಣೆ ಸಾಕು.