ಟ್ರ್ಯಾಕ್ ಸವಾರಿಗೆ ಲೆದರ್ ಸೂಟ್, ಹೆಲ್ಮೆಟ್, ಗ್ಲೌಸ್, ಬೂಟು: ಕೆಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಈ ವಿಮರ್ಶೆ ಯಾವುದೋ ಒಂದು ವಸ್ತುವಿನದ್ದಲ್ಲ, ಟ್ರ್ಯಾಕ್ ಸವಾರಿಗೆಂದು ಒಂದೊಂದಾಗಿ ಹೊಂದಿಸಿಕೊಂಡು ಕೆಲವು ವರ್ಷಗಳಿಂದ ಬಳಸುತ್ತಿರುವ ಇಡೀ ಸೆಟ್ಟಿನದ್ದು. ದೇಶೀಯ ಸಂಸ್ಥೆಯೊಂದು ಹೊಲಿದ ಒನ್-ಪೀಸ್ ಲೆದರ್ ಸೂಟ್, ಫುಲ್-ಫೇಸ್ ಹೆಲ್ಮೆಟ್, ಮಣಿಕಟ್ಟು ದಾಟುವ ಉದ್ದನೆಯ ಗ್ಲೌಸ್, ರೇಸ್ ಬೂಟು, ಬ್ಯಾಕ್ ಪ್ರೊಟೆಕ್ಟರ್ ಮತ್ತು ತಡವಾಗಿ ಬಂದು ಸೇರಿದ ಏರ್‌ಬ್ಯಾಗ್ ವೆಸ್ಟ್ ಇದರಲ್ಲಿವೆ. ಇವೆಲ್ಲ ಹೆಚ್ಚಾಗಿ ಬಳಕೆಯಾಗಿರುವುದು ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ, ಅಂದರೆ ಹಳಬರು ಇಂದಿಗೂ ಎಂಎಂಆರ್‌ಟಿ ಎಂದೇ ಕರೆಯುವ 3.7 ಕಿಲೋಮೀಟರ್ ಉದ್ದದ, 12 ತಿರುವುಗಳ ಟ್ರ್ಯಾಕಿನಲ್ಲಿ. ಆಗೊಮ್ಮೆ ಈಗೊಮ್ಮೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೂ ಹೋಗಿದ್ದುಂಟು. ಬೈಕು 400 ಸಿಸಿಗಿಂತ ಚಿಕ್ಕದು. ಬ್ರ್ಯಾಂಡುಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮಾದರಿಗಳು ಬೇಗ ಬದಲಾಗುತ್ತವೆ. ಅಳತೆ, ಹೊಲಿಗೆ, ಜಿಪ್ಪುಗಳ ವಿಚಾರ ಮಾತ್ರ ಎಲ್ಲ ಮಾದರಿಗಳಿಗೂ ಒಂದೇ.

ಬಳಸುತ್ತ ಬಳಸುತ್ತ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಒಂದು ವಿಷಯದಲ್ಲಿ: ಬಿದ್ದು ಜಾರುವಾಗ ದೇಹದ ಮೇಲೆ ಎಲ್ಲಿರಬೇಕೋ ಅಲ್ಲಿಂದ ಕದಲದ ಗೇರ್ ಮಾತ್ರ ಕೊಟ್ಟ ದುಡ್ಡಿಗೆ ತಕ್ಕದ್ದು. ಚರ್ಮ ಎಷ್ಟೇ ದಪ್ಪವಿರಲಿ, ಮೊಣಕೈ ಮೇಲಿನ ಪ್ಯಾಡು ಮುಂಗೈಗೆ ತಿರುಗಿ ಹೋದರೆ ಅದು ಇದ್ದೂ ಇಲ್ಲದಂತೆಯೇ. ಇದು ನಮ್ಮಂಥ ವಾರಾಂತ್ಯದ ಸವಾರರ ಚಿಂತೆ ಮಾತ್ರವಲ್ಲ. ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋಜಿಪಿಯ 2021ರ ಕ್ಯಾಟಲೂನ್ಯಾ ಸುತ್ತಿನಲ್ಲಿ ಸವಾರ ಫ್ಯಾಬಿಯೋ ಕ್ವಾರ್ಟರಾರೋ ಅವರ ಸೂಟಿನ ಜಿಪ್ ಓಟದ ನಡುವೆಯೇ ತೆರೆದುಕೊಂಡಿತು. ಅವರು ಎದೆಯ ಪ್ರೊಟೆಕ್ಟರನ್ನು ಕಿತ್ತೆಸೆದು, ಎದೆ ತೆರೆದುಕೊಂಡೇ ಓಟ ಮುಗಿಸಿದ್ದಕ್ಕೆ 3 ಸೆಕೆಂಡುಗಳ ದಂಡ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಹೋರ್ಹೆ ಮಾರ್ಟಿನ್ ಅವರಿಗೂ ಇದೇ ಪಾಡಾಯಿತು, ಅವರು ಓಡುತ್ತಲೇ ಜಿಪ್ ಎಳೆದುಕೊಳ್ಳಬೇಕಾಯಿತು. ಜಗತ್ತಿನಲ್ಲೇ ಅತ್ಯುತ್ತಮ ಎನಿಸಿಕೊಂಡ, ಅವರವರ ಮೈ ಅಳತೆಗೇ ಹೊಲಿದ ಸೂಟುಗಳ ಕಥೆಯೇ ಹೀಗಿರುವಾಗ, ಅಂಗಡಿಯಲ್ಲಿ ರೆಡಿಮೇಡ್ ಕೊಳ್ಳುವವರು ಜಿಪ್ಪನ್ನೂ ಅದರ ತುದಿಯ ಲಾಕನ್ನೂ ಮುಚ್ಚುವ ವೆಲ್ಕ್ರೋ ಪಟ್ಟಿಯನ್ನೂ ಹತ್ತು ಸಲ ಎಳೆದು ನೋಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅಳತೆಯ ವಿಷಯದಲ್ಲಿ ಅಂಗಡಿಯ ಕನ್ನಡಿಯನ್ನು ನಂಬಬೇಡಿ. ಟ್ರ್ಯಾಕ್ ಸೂಟನ್ನು ಕತ್ತರಿಸಿರುವುದು ಬೈಕಿನ ಮೇಲೆ ಬಾಗಿ ಕುಳಿತ ಮೈಗೆ; ಆದ್ದರಿಂದ ಸರಿಯಾದ ಸೂಟು ನಿಂತಾಗ ಭುಜವನ್ನು ಮುಂದಕ್ಕೆ ಎಳೆಯುತ್ತದೆ, ಬೆನ್ನು ನೆಟ್ಟಗೆ ಮಾಡಲು ಬಿಡುವುದಿಲ್ಲ, ನಡೆದರೆ ನಡಿಗೆಯೇ ವಿಚಿತ್ರವಾಗಿ ಕಾಣುತ್ತದೆ. ನಿಂತಾಗ ಹಾಯೆನಿಸುವ ಸೂಟು ಬಾಗಿದಾಗ ಹೊಟ್ಟೆಯ ಬಳಿ ಸುಕ್ಕುಗಟ್ಟುತ್ತದೆ, ಮೊಣಕಾಲಿನ ಕಪ್ಪು (ಬಟ್ಟಲಿನಾಕಾರದ ಗಟ್ಟಿ ರಕ್ಷಾಕವಚ) ಕೆಳಗೆ ಸರಿಯುತ್ತದೆ. ನಾನು ಸೂಟು ಆರಿಸುವಾಗ ಅಂಗಡಿಯವರನ್ನು ಕೇಳಿಕೊಂಡು, ಹೊರಗೆ ನಿಲ್ಲಿಸಿದ್ದ ಬೈಕನ್ನು ಅದನ್ನು ನೆಟ್ಟಗೆ ಹಿಡಿದಿಡುವ ಪ್ಯಾಡಾಕ್ ಸ್ಟ್ಯಾಂಡಿಗೆ ಏರಿಸಿ, ಹೆಲ್ಮೆಟ್, ಬೂಟು, ಗ್ಲೌಸ್ ಎಲ್ಲವನ್ನೂ ಹಾಕಿಕೊಂಡು, ಟ್ಯಾಂಕಿನ ಮೇಲೆ ಗದ್ದ ಊರಿ, ಬಳಿಕ ಒಂದೊಂದೇ ಬದಿಗೆ ಸೊಂಟ ಜಾರಿಸಿ ನೋಡಿದ್ದೆ. ಆಗ ಗೊತ್ತಾಗುವ ಸಂಗತಿಗಳು ಬೇರೆ ಯಾವ ರೀತಿಯಲ್ಲೂ ಗೊತ್ತಾಗುವುದಿಲ್ಲ: ತೊಡೆಸಂದಿಯ ಹಿಗ್ಗುವ ಬಟ್ಟೆ ಸಾಕಷ್ಟು ಹಿಗ್ಗುತ್ತದೆಯೇ, ಮೊಣಕಾಲಿನ ಹಿಂದೆ ಚರ್ಮ ಮಡಚಿಕೊಂಡು ಚುಚ್ಚುತ್ತದೆಯೇ, ಸೂಟಿನ ಬೆನ್ನ ಮೇಲೆ ಉಬ್ಬಿಕೊಂಡಿರುವ ಡುಬ್ಬಕ್ಕೆ ಹೆಲ್ಮೆಟ್ಟಿನ ಹಿಂಭಾಗ ತಗುಲಿ ತಲೆ ಎತ್ತದಂತೆ ಆಗುತ್ತದೆಯೇ. ಕೊನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಉದ್ದನೆಯ ನೇರದಲ್ಲಿ ಬಾಗಿ ಹೋಗುವಾಗ ಬ್ರೇಕಿಂಗ್ ಗುರುತು ಕಾಣಿಸಬೇಕಾದದ್ದು ಹೆಲ್ಮೆಟ್ ಕಿಂಡಿಯ ಮೇಲಂಚಿನಲ್ಲಿ. ಡುಬ್ಬ ಅಡ್ಡ ಬಂದರೆ ಅಲ್ಲಿ ಹೆಲ್ಮೆಟ್ಟಿನ ಒಳಗಿನ ಫೋಮ್ ಮಾತ್ರ ಕಾಣುತ್ತದೆ. ಅಂದಹಾಗೆ ಡುಬ್ಬ ಇರುವುದು ಗಾಳಿ ಸರಾಗವಾಗಿ ಹರಿಯಲಿ ಎಂಬುದಕ್ಕೇ ಹೊರತು ಬೆನ್ನುಮೂಳೆಯ ರಕ್ಷಣೆಗಲ್ಲ. ಚರ್ಮ ಮೊದಲ ಕೆಲವು ಸವಾರಿಗಳಲ್ಲಿ ಹಿಗ್ಗಿ ಮೈಗೆ ಕೂಡಿಕೊಳ್ಳುವುದರಿಂದ, ಎರಡು ಅಳತೆಗಳ ನಡುವೆ ಗೊಂದಲವಾದರೆ ಬಿಗಿಯಾದದ್ದನ್ನೇ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಉಸಿರು ಪೂರ್ತಿ ಎಳೆದುಕೊಳ್ಳಲು ಆಗಬೇಕು.

ನನ್ನ ಸೂಟಿನದು ಸುಮಾರು 1.2 ಮಿಲಿಮೀಟರ್ ದಪ್ಪದ ಹಸುವಿನ ಚರ್ಮ. ದುಬಾರಿ ಸೂಟುಗಳಲ್ಲಿ ಬಳಸುವ ಕಾಂಗರೂ ಚರ್ಮ ಇದಕ್ಕಿಂತ ತೆಳ್ಳಗಿದ್ದೂ ಅಷ್ಟೇ ಗಟ್ಟಿ, ತೂಕವೂ ಕಡಿಮೆ. ಆದರೆ ನನ್ನ ಮಟ್ಟದ ಸವಾರಿಗೆ ಆ ವ್ಯತ್ಯಾಸಕ್ಕೆ ಅಷ್ಟೊಂದು ಹಣ ಕೊಡಬೇಕೆಂದು ನನಗನಿಸಿಲ್ಲ. ಸೂಟಿನ ನಿಜವಾದ ಪರೀಕ್ಷೆ ನಡೆದದ್ದು ಬಲ ತಿರುವೊಂದರಲ್ಲಿ ಮುಂದಿನ ಚಕ್ರ ಹಿಡಿತ ಬಿಟ್ಟಾಗ. ಬೈಕು ಒಂದು ಕಡೆ, ನಾನು ಒಂದು ಕಡೆ ಜಾರಿ ಮಣ್ಣಿಗೆ ಬಂದು ನಿಂತೆವು. ಪ್ಯಾಡಾಕಿಗೆ, ಅಂದರೆ ಬೈಕು ನಿಲ್ಲಿಸಿ ಸಜ್ಜಾಗುವ ಆವರಣಕ್ಕೆ ಮರಳಿ ಸೂಟು ಕಳಚಿ ನೋಡಿದರೆ ಬಲ ಭುಜದ ಪ್ಲಾಸ್ಟಿಕ್ ಕಪ್ಪು ಒಂದು ಬದಿ ಸವೆದು ಚಪ್ಪಟೆಯಾಗಿತ್ತು. ಮೊಣಕೈ ಬಳಿ ಚರ್ಮದ ಬಣ್ಣ ಹೋಗಿ ಹಿಂಜಿದ ಹತ್ತಿಯ ಹಾಗೆ ನಾರು ಎದ್ದಿತ್ತು. ಸೊಂಟದ ಬದಿಯಲ್ಲಿ ಹೊರಗೆ ಕಾಣುವ ಹೊಲಿಗೆಯ ಸಾಲು ಒಂದು ಗೇಣಿನಷ್ಟು ಕಿತ್ತುಹೋಗಿದ್ದರೂ ಅದರಡಿಯಲ್ಲಿ ಮುಚ್ಚಿಕೊಂಡಿದ್ದ ಎರಡನೆಯ ಸಾಲು ಒಂದೂ ಎಳೆ ಬಿಡದೆ ಹಿಡಿದುಕೊಂಡಿತ್ತು. ಹೊಲಿಗೆಯ ಮಹತ್ವ ಅರ್ಥವಾದದ್ದು ಆಗ. ಚರ್ಮ ಹರಿಯುವ ಮೊದಲು ಬಿಚ್ಚಿಕೊಳ್ಳುವುದು ಅದರ ಜೋಡಣೆ. ಆದ್ದರಿಂದ ಕೊಳ್ಳುವಾಗ ಭುಜ, ಮೊಣಕೈ, ಸೊಂಟ, ಪೃಷ್ಠದ ಹೊಲಿಗೆಗಳನ್ನು ಎರಡೂ ಕೈಯಲ್ಲಿ ಹಿಡಿದು ಅಗಲಿಸಿ, ಒಳಗೆ ಇನ್ನೊಂದು ಸಾಲು ಇದೆಯೇ ಎಂದು ನೋಡಿ. ಈ ಜಾಗಗಳಲ್ಲಿ ಚರ್ಮದ ತುಣುಕುಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬಣ್ಣಬಣ್ಣದ ಹತ್ತಾರು ತುಂಡುಗಳನ್ನು ಜೋಡಿಸಿದ ಸೂಟು ನೋಡಲು ಚೆಂದ, ಜಾರುವಾಗ ಅಷ್ಟು ಚೆಂದವಲ್ಲ.

ಯುರೋಪಿನ ಇ.ಎನ್. 17092 ಮಾನದಂಡದಲ್ಲಿ ಉಡುಪಿಗೆ ಎಎಎ, ಎಎ, ಎ ಎಂಬ ದರ್ಜೆಗಳಿವೆ. ಇವುಗಳಲ್ಲಿ ಟ್ರ್ಯಾಕಿಗೆ ಎಎಎಗಿಂತ ಕೆಳಗಿನದನ್ನು ನಾನು ಒಪ್ಪುವುದಿಲ್ಲ. ಆ ದರ್ಜೆಗೆ, ಮೊದಲು ನೆಲಕ್ಕೆ ತಾಗುವ ಭಾಗಗಳನ್ನು ಗಂಟೆಗೆ 120 ಕಿಲೋಮೀಟರ್ ವೇಗಕ್ಕೆ ಸಮನಾದ ಉಜ್ಜುವಿಕೆಗೆ ಒಡ್ಡಿ ನೋಡಲಾಗುತ್ತದೆ. ಪ್ಯಾಡುಗಳ ಮಾನದಂಡ ಬೇರೆ. ಇ.ಎನ್. 1621-2ರ ಪ್ರಕಾರ ಲೆವೆಲ್ 1 ಬ್ಯಾಕ್ ಪ್ರೊಟೆಕ್ಟರ್ ಪರೀಕ್ಷೆಯ ಹೊಡೆತದಲ್ಲಿ ಸರಾಸರಿ 18 ಕಿಲೋನ್ಯೂಟನ್‌ವರೆಗೆ ಬಲವನ್ನು ಬೆನ್ನಿಗೆ ದಾಟಿಸಬಹುದು, ಲೆವೆಲ್ 2 ಆದರೆ 9 ಕಿಲೋನ್ಯೂಟನ್ ಮಾತ್ರ. ಅರ್ಧಕ್ಕರ್ಧ ವ್ಯತ್ಯಾಸವಿರುವ ಈ ಎರಡರ ಬೆಲೆಯಲ್ಲಿ ಅಷ್ಟೇನೂ ಅಂತರವಿಲ್ಲ. ನನ್ನ ಸೂಟಿನ ಜೊತೆ ಬಂದದ್ದು ಬರಿಯ ಫೋಮಿನ ತುಂಡು; ಅದನ್ನು ಮೊದಲ ದಿನವೇ ತೆಗೆದಿಟ್ಟು, ಭುಜಕ್ಕೆ ಪಟ್ಟಿ, ಸೊಂಟಕ್ಕೆ ಬೆಲ್ಟು ಇರುವ ಪ್ರತ್ಯೇಕ ಲೆವೆಲ್ 2 ಪ್ರೊಟೆಕ್ಟರ್ ಹಾಕಿಕೊಳ್ಳುತ್ತಿದ್ದೇನೆ. ಸೊಂಟದ ಬೆಲ್ಟು ಬಿಗಿದರೆ ಅದು ಅಲುಗುವುದೇ ಇಲ್ಲ.

ಸೆಖೆಯ ಬಗ್ಗೆ ವಿದೇಶಿ ವಿಮರ್ಶೆಗಳು ಹೇಳುವುದು ನಮಗೆ ಹೊಂದುವುದಿಲ್ಲ. ಶ್ರೀಪೆರಂಬದೂರಿನ ಬಿಸಿಲಿನಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಕಪ್ಪು ಚರ್ಮವನ್ನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ. ಎದೆ ಮತ್ತು ತೊಡೆಯ ಮೇಲೆ ಸಣ್ಣ ರಂಧ್ರಗಳಿರುವ ಸೂಟು ಓಡುವಾಗ ಮಾತ್ರ ತಂಪು, ಪಿಟ್ಟಿನಲ್ಲಿ ಸರದಿಗೆ ಕಾಯುವಾಗ ಎಲ್ಲವೂ ಒಂದೇ. ಒಳಗೆ ಮೈಗಂಟುವ ತೆಳು ಲೈಕ್ರಾ ಉಡುಪು ಹಾಕಿಕೊಂಡರೆ ಬೆವರಿನಲ್ಲೂ ಸೂಟು ಮೈಗೆ ಹತ್ತದೆ ಜಾರುತ್ತದೆ. ಹತ್ತಿಯ ಬನಿಯನ್ ಹಾಕಿದರೆ ಎರಡನೆಯ ಸೆಷನ್ನಿಗೆ ಒದ್ದೆ ಸೂಟನ್ನು ಏರಿಸಿಕೊಳ್ಳಲು ಇಬ್ಬರ ನೆರವು ಬೇಕಾಗುತ್ತದೆ. ಬೆವರು ಕುಡಿದ ಚರ್ಮ ಬೆಂಗಳೂರಿನ ಮಳೆಗಾಲದಲ್ಲಿ ಕಪಾಟಿನೊಳಗೆ ಬೂಷ್ಟು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಫ್ಯಾನಿನಡಿ ಒಣಗಿಸಿ, ಅಗಲ ಭುಜದ ಹ್ಯಾಂಗರಿಗೆ ಹಾಕಿ, ಆಗಾಗ ಲೆದರ್ ಕಂಡೀಷನರ್ ಹಚ್ಚುತ್ತ ಬಂದದ್ದರಿಂದ ನನ್ನದು ಇಂದಿಗೂ ಮೆತ್ತಗಿದೆ.

ಒನ್-ಪೀಸೋ ಟೂ-ಪೀಸೋ ಎಂಬ ಪ್ರಶ್ನೆ ಬೆಂಗಳೂರಿನವರಿಗೆ ನಿಜವಾದ ಪ್ರಶ್ನೆ, ಏಕೆಂದರೆ ದೊಡ್ಡ ಸರ್ಕ್ಯೂಟಿಗೆ ಹೋಗಬೇಕೆಂದರೆ ನಾವು ಸುಮಾರು 300 ಕಿಲೋಮೀಟರ್ ಹೆದ್ದಾರಿ ಸವೆಸಬೇಕು. ಲೆದರಿಗೆ ಹೆಸರಾದ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳನ್ನು ದಾಟುತ್ತ ಅದೇ ಲೆದರಿನೊಳಗೆ ಬೇಯುವುದು ಒಂದು ಬಗೆಯ ತಮಾಷೆ. ಬೈಕನ್ನು ಟೆಂಪೋದಲ್ಲಿ ಕಳುಹಿಸುವವರು ಕಣ್ಣುಮುಚ್ಚಿ ಒನ್-ಪೀಸ್ ಕೊಳ್ಳಲಿ. ಓಡಿಸಿಕೊಂಡೇ ಹೋಗುವವರು ಟೂ-ಪೀಸ್ ತೆಗೆದುಕೊಳ್ಳುವುದಾದರೆ, ಜಾಕೆಟ್ಟನ್ನೂ ಪ್ಯಾಂಟನ್ನೂ ಸೊಂಟದ ಸುತ್ತ ಪೂರ್ತಿ ಕೂಡಿಸುವ ಜಿಪ್ ಇರಲೇಬೇಕು; ಬೆನ್ನಿಗೆ ಮಾತ್ರ ಇರುವ ಒಂದು ಗೇಣು ಜಿಪ್ಪಿನಿಂದ ಜಾಕೆಟ್ ಮೇಲೆ ಸರಿಯುವುದು ನಿಲ್ಲುವುದಿಲ್ಲ. ಹಣ ಕಟ್ಟಿದ ಸವಾರರಿಗೆ ಸರ್ಕ್ಯೂಟಿನಲ್ಲಿ ಓಡಿಸಲು ಬಿಡುವ ಟ್ರ್ಯಾಕ್ ಡೇಗಳ ಕೆಲವು ಆಯೋಜಕರು ಟೂ-ಪೀಸನ್ನು ಒಪ್ಪುವುದೇ ಇಲ್ಲ, ಆದ್ದರಿಂದ ಹಣ ಕಟ್ಟುವ ಮೊದಲು ಕೇಳಿಕೊಳ್ಳಿ.

ಬಿದ್ದಾಗ ಕೈ ತಾನಾಗಿಯೇ ಮುಂದೆ ಹೋಗಿ ಅಂಗೈಯ ಬುಡ ನೆಲಕ್ಕೆ ತಾಗುತ್ತದೆ. ಅಲ್ಲಿ ಬರೀ ಚರ್ಮವಿದ್ದರೆ ಅದು ನೆಲವನ್ನು ಕಚ್ಚಿಕೊಂಡು ಮಣಿಕಟ್ಟಿನ ಸಣ್ಣ ಮೂಳೆಯ ಮೇಲೆ ಭಾರ ಹಾಕುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನ ಸ್ಲೈಡರ್ ಇದ್ದರೆ ಕೈ ಜಾರಿಕೊಂಡು ಹೋಗುತ್ತದೆ. ಗ್ಲೌಸಿನಲ್ಲಿ ನಾನು ಮೊದಲು ನೋಡುವುದು ಇದನ್ನು, ಆಮೇಲೆ ಕಿರುಬೆರಳನ್ನು ಉಂಗುರ ಬೆರಳಿಗೆ ಸೇರಿಸುವ ಪಟ್ಟಿಯನ್ನು. ಮಣಿಕಟ್ಟಿನ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರಿಂದ ಬೆರಳ ತುದಿ ಹಿಡಿದು ಬಲವಾಗಿ ಎಳೆಸಿ ನೋಡಿ; ಕಳಚಿ ಬಂದರೆ ಆ ಗ್ಲೌಸು ಬೇಡ, ಅದರ ಮೇಲೆ ಎಷ್ಟೇ ಕಾರ್ಬನ್ ಫೈಬರ್ ಮೆತ್ತಿರಲಿ. ನನ್ನ ಹಳೆಯ ಜೋಡಿಯ ಅಂಗೈ ಚರ್ಮ ಥ್ರಾಟಲ್ ಉಜ್ಜಾಟಕ್ಕೆ ತೆಳುವಾದದ್ದರಿಂದ ಒಮ್ಮೆ ಬದಲಿಸಿದ್ದೇನೆ. ಇಡೀ ಸೆಟ್ಟಿನಲ್ಲಿ ಬೇಗ ಸವೆಯುವುದು ಗ್ಲೌಸು ಮತ್ತು ಮೊಣಕಾಲಿನ ಸ್ಲೈಡರು.

ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಮ್ಮಡಿ ಮತ್ತು ತುದಿಯನ್ನು ಹಿಡಿದು ಹಿಂಡಿದರೆ ತಿರುಚಿಕೊಳ್ಳಬಾರದು, ಗೇರ್ ಲಿವರ್ ಮಾತ್ರ ಪಾದಕ್ಕೆ ಗೊತ್ತಾಗಬೇಕು. ಇ.ಎನ್. 13634 ಲೇಬಲ್ಲಿನಲ್ಲಿರುವ ನಾಲ್ಕು ಅಂಕಿಗಳಲ್ಲಿ ಕೊನೆಯದು ಅಡ್ಡ ಒತ್ತಡವನ್ನು ತಡೆಯುವ ಶಕ್ತಿಯದ್ದು. ಅಲ್ಲಿ 2 ಇರಲಿ.

ಹೆಲ್ಮೆಟ್ ವಿಷಯದಲ್ಲಿ ಭಾರತದ ಸವಾರರಿಗೆ ಎರಡು ಲೆಕ್ಕಗಳಿವೆ. 2021ರ ಜೂನ್‌ನಿಂದ ಇಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ಟ್ರ್ಯಾಕಿನಲ್ಲಿ ತಪಾಸಣೆ ಮಾಡುವವರು ಹುಡುಕುವುದು ಸಾಮಾನ್ಯವಾಗಿ ಇ.ಸಿ.ಇ. (ವಿಶ್ವಸಂಸ್ಥೆಯ ಯುರೋಪ್ ಆಯೋಗದ ಮಾನದಂಡ) ಅಥವಾ ಎಫ್‌ಐಎಂ (ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ) ಲೇಬಲ್ಲನ್ನು. ಐಎಸ್‌ಐ ಗುರುತಿನ ಜೊತೆಗೆ ಇಂಥ ಲೇಬಲ್ಲೂ ಇರುವ ಹೆಲ್ಮೆಟ್ಟುಗಳು ಈಗ ಸಿಗುತ್ತವೆ. ಇ.ಸಿ.ಇ.ಯಲ್ಲಿ 22.05ಕ್ಕಿಂತ 22.06 ಕಟ್ಟುನಿಟ್ಟು: ಅದರಲ್ಲಿ ಬೇರೆ ಬೇರೆ ವೇಗದ ಹೊಡೆತಗಳನ್ನೂ, ಓರೆಯಾಗಿ ಬಡಿದಾಗ ತಲೆ ತಿರುಚುವ ಬಲವನ್ನೂ ಅಳೆಯುತ್ತಾರೆ. ಗದ್ದದ ಪಟ್ಟಿ ಜೋಡಿ ಡಿ-ರಿಂಗಿನದ್ದಾಗಿರಲಿ, ಅಂದರೆ ಡಿ ಅಕ್ಷರದಾಕಾರದ ಎರಡು ಲೋಹದ ಬಳೆಗಳ ಮೂಲಕ ತೂರಿಸಿ ಬಿಗಿಯುವಂಥದ್ದು. ನಾನು ಕನ್ನಡಕ ಹಾಕುವವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ: ಕನ್ನಡಕದ ಕಡ್ಡಿಗೆ ಪ್ಯಾಡಿನಲ್ಲಿ ಜಾಗ ಬಿಟ್ಟಿರುವ ಹೆಲ್ಮೆಟ್ಟನ್ನೇ ಆರಿಸಿ, ವೈಸರಿಗೆ ಮಂಜು ಕಟ್ಟದಂತೆ ತಡೆಯುವ ಒಳಪದರವಾದ ಪಿನ್‌ಲಾಕ್ ಹಾಕಿಸಿ, ಕಿವಿಗೆ ಫೋಮಿನ ಇಯರ್‌ಪ್ಲಗ್ ಇಟ್ಟುಕೊಳ್ಳಿ. ಇಯರ್‌ಪ್ಲಗ್ಗಿಗೆ ಕೊಟ್ಟ ಕೆಲವೇ ರೂಪಾಯಿ ಸಂಜೆಯ ತಲೆನೋವನ್ನು ಬಹುಮಟ್ಟಿಗೆ ತಪ್ಪಿಸಿದೆ.

ಮೋಟೋಜಿಪಿಯಲ್ಲಿ 2018ರಿಂದ ಏರ್‌ಬ್ಯಾಗ್ ಕಡ್ಡಾಯ. ನನ್ನದು ಸೂಟಿನ ಮೇಲೆ ಹಾಕಿಕೊಳ್ಳುವ, ಬೈಕಿಗೆ ದಾರ ಕಟ್ಟುವ ಸರಳ ಬಗೆ. ಸವಾರ ಬೈಕಿನಿಂದ ದೂರ ಸಿಡಿದಾಗ ದಾರ ಸೆಳೆದು ಗ್ಯಾಸ್ ಸಿಲಿಂಡರ್ ತೆರೆದುಕೊಳ್ಳುತ್ತದೆ. ಬೈಕು ಪಕ್ಕಕ್ಕೆ ಮಲಗಿ ಜಾರುವ ಸಾಧಾರಣ ಬೀಳುವಿಕೆಯಲ್ಲಿ ಇದು ಎಲೆಕ್ಟ್ರಾನಿಕ್ ಸೆನ್ಸರಿನಷ್ಟು ಬೇಗ ಸ್ಪಂದಿಸುವುದಿಲ್ಲ, ಆದರೆ ಸಿಲಿಂಡರನ್ನು ನಾವೇ ಬದಲಿಸಬಹುದು, ಚಾರ್ಜು ಮಾಡುವ ಗೋಜಿಲ್ಲ. ಎಲೆಕ್ಟ್ರಾನಿಕ್ ಬಗೆಯನ್ನು ಸೂಟಿನೊಳಗೆ ಹಾಕುವವರು ಸೂಟು ಕೊಳ್ಳುವಾಗಲೇ ಅದು ಉಬ್ಬಲು ಜಾಗವಿದೆಯೇ ಎಂದು ನೋಡಬೇಕು, ಇಲ್ಲವಾದರೆ ಉಬ್ಬಿದ ಚೀಲ ಪಕ್ಕೆಲುಬನ್ನೇ ಒತ್ತುತ್ತದೆ.

ಮಾರಾಟದ ನಂತರದ ಸೇವೆಗೆ ನಾನು ಅಂಕ ಕೊಡಲಾರೆ. ಕಾಲಿನ ಹಿಂಬದಿಯ ಜಿಪ್ಪಿನ ಹಲ್ಲು ವಾರಂಟಿಯೊಳಗೇ ಬಿಟ್ಟುಕೊಂಡಾಗ ಸೂಟನ್ನು ಕಳುಹಿಸಿಕೊಟ್ಟೆ. ವಾರಗಳ ಮೇಲೆ ವಾರ ಕಳೆದು ಅದು ಮರಳಿದಾಗ ಜಿಪ್ ಹೊಸದಾಗಿತ್ತು, ಹೊಲಿಗೆ ಮಾತ್ರ ಒಂದೇ ಸಾಲಿನದ್ದಾಗಿತ್ತು. ಕೊನೆಗೆ ಬೂಟು, ಚರ್ಮದ ಚೀಲ ಹೊಲಿಯುವ ನಮ್ಮ ಬಡಾವಣೆಯ ಕುಶಲಕರ್ಮಿಯೊಬ್ಬರು ನೈಲಾನ್ ದಾರದಲ್ಲಿ ಎರಡನೆಯ ಸಾಲು ಹಾಕಿಕೊಟ್ಟರು. ಅದು ಇಂದಿಗೂ ಹಾಗೆಯೇ ಇದೆ.

ಹೊಸದಕ್ಕೆ ಹಣ ಸಾಲದವರು ಸೂಟು, ಬೂಟುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಬಿದ್ದ ಗುರುತಿರುವ ಕಡೆ ಒಳಗಿನ ಲೈನಿಂಗ್ ಎತ್ತಿ ಹೊಲಿಗೆಯನ್ನು ನೋಡಿಕೊಳ್ಳಿ. ಹೆಲ್ಮೆಟ್ಟನ್ನು ಮಾತ್ರ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬೇಡಿ. ಒಳಗಿನ ಥರ್ಮೋಕೋಲ್ ಒಮ್ಮೆ ಹೊಡೆತ ತಿಂದು ಅಮುಕಿ ಹೋಗಿದ್ದರೂ ಹೊರಗಿನ ಬಣ್ಣದಲ್ಲಿ ಒಂದು ಗೀರೂ ಕಾಣಿಸದೆ ಇರಬಹುದು. ಆ ಬೀಳುವಿಕೆಯ ನಂತರ ನಾನು ಬದಲಿಸಿದ್ದು ಹೆಲ್ಮೆಟ್ಟನ್ನು ಮತ್ತು ಭುಜದ ಕಪ್ಪನ್ನು, ಉಳಿದದ್ದನ್ನೆಲ್ಲ ಈಗಲೂ ಬಳಸುತ್ತಿದ್ದೇನೆ.