ಗಮಕ ಗೋಷ್ಠಿಗೆ ಝೂಮಾ, ಮೀಟಾ, ಯೂಟ್ಯೂಬಾ? ಮೂರನ್ನೂ ಬಳಸಿ ನೋಡಿದ ಮೇಲೆ

ತಿಂಗಳಿಗೊಂದು ಭಾನುವಾರ ನಮ್ಮೂರಲ್ಲಿ ಗಮಕ ಗೋಷ್ಠಿ (ಕಾವ್ಯವನ್ನು ರಾಗವಾಗಿ ಹಾಡಿ ಅರ್ಥ ಹೇಳುವ ಕಾರ್ಯಕ್ರಮ) ನಡೆಸುತ್ತೇವೆ. ಹಾಲ್‌ಗೆ 40-50 ಜನ ಬರುತ್ತಾರೆ. ಮೊದಲೆಲ್ಲ ಮುಂದಿನ ಸಾಲಲ್ಲಿ ಕೂರುತ್ತಿದ್ದ ಕೆಲವರು ಈಗ ಮಕ್ಕಳ ಜೊತೆ ನ್ಯೂಜೆರ್ಸಿ, ಲಂಡನ್ ಅಂತ ಹೋಗಿದ್ದಾರೆ. ಅವರು ಸುಮ್ನೆ ನೋಡಿದರೆ ಸಾಲದು, ಮೊದಲಿನ ಹಾಗೆ ಪ್ರಶ್ನೆನೂ ಕೇಳಬೇಕು ಅನ್ನೋದು ನಮ್ಮ ಆಸೆ. ಅದಕ್ಕೇ ಮೂರನ್ನೂ ಬಳಸಿ ನೋಡಿದೆವು.

ಕೇಳುವವರಿಗೆ ಯೂಟ್ಯೂಬ್ ಲೈವ್‌ಗಿಂತ ಸುಲಭವಾದದ್ದು ಇಲ್ಲ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಸಾಕು, ವಯಸ್ಸಾದವರೂ ಟಿವಿಯಲ್ಲೇ ಹಾಕಿಕೊಂಡು ಕೂರುತ್ತಾರೆ. ಆ ಹೊತ್ತಿಗೆ ಆಗದವರು ಮಾರನೇ ದಿನ ಕೇಳಬಹುದು. ಹೊಸ ಚಾನೆಲ್ ಆದರೆ ಲೈವ್ ಶುರುವಾಗಲು 24 ಗಂಟೆ ಹಿಡಿಯಬಹುದು, ಮೊಬೈಲ್‌ನಿಂದ ಲೈವ್ ಮಾಡೋಕೆ 50 ಚಂದಾದಾರರು ಬೇಕು. ಹಾಗಾಗಿ ಹಿಂದಿನ ವಾರವೇ ಸಿದ್ಧ ಮಾಡಿಕೊಳ್ಳಿ. ತೊಂದರೆ ಇರೋದು ಪ್ರಶ್ನೋತ್ತರದಲ್ಲಿ. ಇಲ್ಲಿನ ಮಾತು ಅಲ್ಲಿಗೆ ತಲುಪೋದು ಕೆಲವು ಸೆಕೆಂಡು ತಡ. ವ್ಯಾಖ್ಯಾನಕಾರರು 'ಪ್ರಶ್ನೆ ಇದೆಯಾ?' ಅಂತ ಕೇಳಿ, ಕಾದು, ಮುಂದಿನ ಪದ್ಯಕ್ಕೆ ಹೋದ ಮೇಲೆ ಚಾಟ್‌ನಲ್ಲಿ ಪ್ರಶ್ನೆ ಕಾಣಿಸುತ್ತದೆ.

ಗೂಗಲ್ ಮೀಟ್ ಒಂದೇ ಸಲ ಬಳಸಿದ್ದು. ಕಂಪ್ಯೂಟರ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಅದು ಒಳ್ಳೇದು. ಪುಕ್ಕಟೆ ಖಾತೆಯಲ್ಲಿ ಮೂವರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 60 ನಿಮಿಷ ಮಾತ್ರ. ನಮ್ಮದು ಒಂದೂವರೆ ಗಂಟೆಯ ಕಾರ್ಯಕ್ರಮ. ಕಮಿಟಿ ಮೀಟಿಂಗ್‌ಗೆ ಸಾಕು.

ಇನ್ನು ಝೂಮ್. ಪುಕ್ಕಟೆ ಆದರೆ 40 ನಿಮಿಷ, ಆದ್ದರಿಂದ ದುಡ್ಡು ಕೊಟ್ಟೇ ತಗೊಂಡೆವು. ಮೊದಲನೇ ಸಲ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಶುರು ಮಾಡಿದೆವು. ಹತ್ತು ನಿಮಿಷಕ್ಕೆ ನ್ಯೂಜೆರ್ಸಿಯಿಂದ ಅಮ್ಮನ ಗೆಳತಿ ಮೆಸೇಜ್ ಹಾಕಿದರು: 'ಶ್ರುತಿ ಕೇಳ್ತಾ ಇಲ್ಲ ಕಣಪ್ಪ, ದನಿನೂ ನಡುನಡುವೆ ಮುಳುಗ್ತಿದೆ.' ಹಾಲ್‌ನಲ್ಲಿ ಶ್ರುತಿ ಪೆಟ್ಟಿಗೆ ಚೆನ್ನಾಗೇ ಕೇಳಿಸುತ್ತಿತ್ತು! ನಾವು ಸೆಟ್ಟಿಂಗ್ ನೋಡಿರಲಿಲ್ಲ. ಮಾತು ಸ್ಪಷ್ಟವಾಗಲಿ ಅಂತ ಇಂಥ ಆ್ಯಪ್‌ಗಳು ಫ್ಯಾನಿನ ಸದ್ದಿನಂಥ ಒಂದೇ ಸಮ ಬರುವ ದನಿಯನ್ನು ಅಳಿಸುತ್ತವೆ. ಶ್ರುತಿಯೂ ಒಂದೇ ಸಮ ಬರುವ ದನಿಯೇ ಅಲ್ವಾ? ಗಮಕಕ್ಕೆ ತಾಳದ ಕಟ್ಟಿಲ್ಲ, ನಿಂತಿರೋದೇ ಶ್ರುತಿಯ ಮೇಲೆ. ಝೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಅಂತ ಇದೆ. ಅದನ್ನು ಆನ್ ಮಾಡಿದ ಮೇಲೆ ಶ್ರುತಿ ಬಂತು.

ಆದರೂ ಲ್ಯಾಪ್‌ಟಾಪಿನ ಮೈಕ್ ನಂಬಬೇಡಿ. ಮೈಕ್‌ಸೆಟ್ ಹುಡುಗನನ್ನು ಕೇಳಿ, ಮಿಕ್ಸರ್‌ನಿಂದ ನೇರ ಲ್ಯಾಪ್‌ಟಾಪಿಗೆ ಕೇಬಲ್ ಎಳೆಸಿ. ದೂರದವರ ಪ್ರಶ್ನೆ ಹಾಲ್‌ನ ಸ್ಪೀಕರ್‌ನಲ್ಲಿ ಬರಬೇಕು, ಆದರೆ ಅದೇ ದನಿ ಮತ್ತೆ ಝೂಮ್‌ಗೆ ಹೋಗಬಾರದು. ಹೋದರೆ ಅವರ ಮಾತು ಅವರಿಗೇ ಮಾರ್ದನಿಯಾಗಿ ಕೇಳುತ್ತದೆ. ಇದನ್ನು ಹೇಳಿದರೆ ಅನುಭವ ಇರುವ ಹುಡುಗ ಐದು ನಿಮಿಷದಲ್ಲಿ ಸರಿಮಾಡುತ್ತಾನೆ. ಹೊಸ ಕ್ಯಾಮೆರಾಗಿಂತ ಮೊದಲು ಈ ಕೇಬಲ್‌ಗೆ ಖರ್ಚು ಮಾಡಿ.

ಈಗ ಝೂಮನ್ನೇ ಇಟ್ಟುಕೊಂಡು, ಅದರಿಂದಲೇ ಯೂಟ್ಯೂಬ್‌ಗೂ ಕಳಿಸುತ್ತೇವೆ. ದುಡ್ಡು ಕೊಟ್ಟ ಖಾತೆಯಲ್ಲಿ ಈ ಅನುಕೂಲ ಇದೆ. ಪ್ರಶ್ನೆ ಕೇಳುವವರು ಝೂಮ್‌ಗೆ ಬರುತ್ತಾರೆ, ಕೇಳಿದರೆ ಸಾಕು ಅನ್ನುವವರು ಟಿವಿಯಲ್ಲಿ ನೋಡುತ್ತಾರೆ. ಆನ್‌ಲೈನ್‌ನವರನ್ನು ನೋಡಿಕೊಳ್ಳಲು ಹಾಲ್‌ನಲ್ಲಿ ಒಬ್ಬರು ಬೇರೆ ಕೆಲಸ ಇಟ್ಟುಕೊಳ್ಳದೆ ಕೂರುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ದೂರದವರದ್ದು. ಹೊತ್ತನ್ನೂ ಸಂಜೆ 6ರಿಂದ 7ಕ್ಕೆ ಸರಿಸಿದೆವು. ಆಗ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9.30. ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ 8.30 ಆಗುತ್ತದೆ, ಆಹ್ವಾನದಲ್ಲಿ ಎರಡೂ ಕಡೆಯ ಸಮಯ ಬರೆಯಿರಿ.

ಹೋದ ತಿಂಗಳು ಅಮ್ಮನ ಗೆಳತಿ ಒಂದು ಷಟ್ಪದಿಯ ಕೊನೆಯ ಸಾಲಿನ ಅರ್ಥ ಕೇಳಿದರು. ಗಮಕಿಗಳು ಆ ಪದ್ಯವನ್ನು ಇನ್ನೊಮ್ಮೆ ಪೂರ್ತಿ ಹಾಡಿದರು. ಪರದೆ ಮೇಲೆ ಅಮ್ಮನ ಗೆಳತಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.