ಮೂರು ಹಳೆಯ ಸೇನಾ ರೈಫಲ್‌ಗಳು, ಒಂದೇ ಭೂತಗನ್ನಡಿ

ಹಳೆಯ ಸೇನಾ ರೈಫಲ್ ಮಾರುವವರ ಮೇಜಿನ ಮುಂದೆ ನಿಂತವರಿಗೆಲ್ಲ ಮೊದಲು ಕೇಳಿಬರುವ ಮಾತು, "ನಂಬರ್‌ಗಳೆಲ್ಲ ಹೊಂದುತ್ತವೆ" ಎಂಬುದು. ನಳಿಗೆಯ ಮೇಲಿರುವ ಕ್ರಮಸಂಖ್ಯೆಯೇ ಬೋಲ್ಟಿನ (ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿಯ) ಮೇಲೂ ಮ್ಯಾಗಜೀನಿನ ತಳದ ತಗಡಿನ ಮೇಲೂ ಇದ್ದರೆ ಬೆಲೆ ಏರುತ್ತದೆ. ಆದರೆ ಸಂಖ್ಯೆ ಹೊಂದುತ್ತದೆಯೇ ಎಂಬುದಕ್ಕಿಂತ ಅದನ್ನು ಯಾರು, ಯಾವಾಗ ಒತ್ತಿದರು ಎಂಬುದೇ ದೊಡ್ಡ ಪ್ರಶ್ನೆಯೆಂದು ನನಗೆ ತಿಳಿಯಲು ಮೂರು ರೈಫಲ್‌ಗಳೂ ಒಂದಿಷ್ಟು ಹಣದ ನಷ್ಟವೂ ಬೇಕಾದವು.

ಟೆಕ್ಸಸ್‌ನಲ್ಲಿ ನೆಲಸಿರುವ ನಾನು ಐವತ್ತು ವರ್ಷ ದಾಟಿದ ಆಯುಧಗಳಿಗಾಗಿ ಅಮೆರಿಕದ ಫೆಡರಲ್ ಸರ್ಕಾರ ಕೊಡುವ ಸಂಗ್ರಾಹಕರ ಲೈಸೆನ್ಸ್ ಪಡೆದಿದ್ದೇನೆ. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಕೊಂಡದ್ದನ್ನೂ ಕೊಟ್ಟದ್ದನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಊರಿನಲ್ಲಿ ಈ ಹವ್ಯಾಸ ನಡೆಯುವಂಥದಲ್ಲ, ಏಕೆಂದರೆ ಭಾರತದ ಕಾಯಿದೆಯಲ್ಲಿ .303ರಂಥ ಸೇನಾ ಅಳತೆಗಳು ನಿಷಿದ್ಧ ಬೋರ್‌ಗಳ (ನಳಿಗೆಯ ಒಳ ಅಳತೆಗಳ) ಸಾಲಿಗೆ ಸೇರುತ್ತವೆ. ನನ್ನ ಮೂರು ರೈಫಲ್‌ಗಳೆಂದರೆ 1943ರ, ರಷ್ಯಾದ ಇಝೆವ್ಸ್ಕ್ ಕಾರ್ಖಾನೆಯ ಮೊಸಿನ್-ನಗಾಂ 91/30, ಅದೇ ವರ್ಷದ ಜರ್ಮನ್ ಮೌಸರ್ ಕಾರ್98ಕೆ, ಮತ್ತು ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ನಂಬರ್ 1 ಮಾರ್ಕ್ 3*. ಮೂರನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿ, ಒಂದೇ ಭೂತಗನ್ನಡಿ ಮತ್ತು ಒಂದೇ ದೀಪದಿಂದ ಪರೀಕ್ಷಿಸಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊಸಿನ್ ಓದಲು ಸುಲಭ. ತ್ರಿಕೋನದೊಳಗಿನ ಬಾಣ ಇಝೆವ್ಸ್ಕಿನ ಗುರುತು, ನಕ್ಷತ್ರ ತೂಲಾ ಎಂಬ ಇನ್ನೊಂದು ಕಾರ್ಖಾನೆಯ ಗುರುತು. ರಿಸೀವರಿನ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟಿನ) ಮೇಲೆ ಲೇತಿನ ಒರಟು ಗೀರುಗಳು ಹಾಗೆಯೇ ಉಳಿದಿವೆ. ಯುದ್ಧದ ನಡುವೆ ನಯಗೊಳಿಸುತ್ತ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ. ಯುದ್ಧಾನಂತರ ಸೋವಿಯತ್ ಶಸ್ತ್ರಾಗಾರಗಳು ಇಂಥ ರೈಫಲ್‌ಗಳನ್ನು ರಾಶಿರಾಶಿಯಾಗಿ ಬಿಚ್ಚಿ, ರಿಪೇರಿ ಮಾಡಿ, ಕೈಗೆ ಸಿಕ್ಕ ಬೋಲ್ಟನ್ನು ಕೂಡಿಸಿ, ಅದರ ಹಳೆಯ ಸಂಖ್ಯೆಯನ್ನು ಉಜ್ಜಿ ಅಥವಾ ಅಡ್ಡಗೆರೆ ಎಳೆದು, ನಳಿಗೆಯ ಸಂಖ್ಯೆಯನ್ನೇ ಹೊಸದಾಗಿ ಒತ್ತಿ ದಾಸ್ತಾನಿಗೆ ಕಳುಹಿಸಿದವು. ನನ್ನದರಲ್ಲೂ ಬೋಲ್ಟಿನ ಅಂಕಿಗಳ ಅಚ್ಚು ನಳಿಗೆಯ ಅಚ್ಚಿಗಿಂತ ಬೇರೆ, ಸ್ಟಾಕಿನ (ಮರದ ಭಾಗದ) ಮೇಲೆ ಕೆಂಪುಛಾಯೆಯ ಅರಗಿನ ಲೇಪ, ಮೇಲೆ ಓರೆಗೆರೆ ಎಳೆದ ಚೌಕದ ರಿಪೇರಿ ಮುದ್ರೆ. ಇದು ಮೋಸವಲ್ಲ, ಸೇನೆಯೇ ಮಾಡಿದ ಕೆಲಸ. ಎಲ್ಲವೂ ಬಹಿರಂಗವಾಗಿಯೇ ಇದೆ.

ಮೌಸರಿನ ಕಥೆ ಬೇರೆ. ಪ್ರದರ್ಶನವೊಂದರಲ್ಲಿ ಅದನ್ನು ಕೊಂಡಾಗ ಮಾರಿದಾತ, ಅಮೆರಿಕನ್ ಸೈನಿಕನೊಬ್ಬ ಯುರೋಪಿನಿಂದ ಮನೆಗೆ ತಂದ ರೈಫಲ್ ಇದು ಎಂದು ಹೇಳಿದ್ದ. ರಿಸೀವರಿನ ಮೇಲೆ ಓಬರ್ನ್‌ಡೋರ್ಫ್‌ನ ಮೌಸರ್ ಕಾರ್ಖಾನೆಯ ಸಂಕೇತವಾದ ಬಿವೈಎಫ್, ಕೆಳಗೆ 43, ಪಕ್ಕದಲ್ಲಿ ಹದ್ದಿನಡಿಯಲ್ಲಿ 135ರ ತಪಾಸಣೆ ಮುದ್ರೆ, ಎಲ್ಲವೂ ಅಚ್ಚುಕಟ್ಟು. ಜರ್ಮನ್ ಕಾರ್ಖಾನೆಗಳು ಸಣ್ಣಪುಟ್ಟ ಬಿಡಿಭಾಗಗಳಿಗೂ ಸಂಖ್ಯೆ ಒತ್ತುತ್ತಿದ್ದುದರಿಂದ ನೋಡಬೇಕಾದ ಜಾಗಗಳು ಅನೇಕ. ಹಾಗಾಗಿಯೇ ಸುಳ್ಳು ಹೇಳುವವರಿಗೆ ದುಡಿಮೆಯೂ ಹೆಚ್ಚು, ಲಾಭವೂ ಹೆಚ್ಚು. ಮನೆಗೆ ತಂದು ದೀಪವನ್ನು ಓರೆಯಾಗಿ ಹಿಡಿದಾಗ ರಿಸೀವರಿನ ಎಡಬದಿಯಲ್ಲಿ ಅಂಗೈಯ ಕುಳಿಯಂತೆ ತುಸು ತಗ್ಗಾದ ಜಾಗವೊಂದು ಕಂಡಿತು. ಸೋವಿಯತ್ ಸೇನೆ ವಶಪಡಿಸಿಕೊಂಡು ದುರಸ್ತಿ ಮಾಡಿದ ಕಾರ್98ಕೆಗಳಿಗೆ ಅಲ್ಲಿ ಗುಣಾಕಾರ ಚಿಹ್ನೆಯಂಥ ಗುರುತನ್ನು ಒತ್ತುವುದು ರೂಢಿ. ನನ್ನ ರೈಫಲಿನಲ್ಲಿ ಯಾರೋ ಅದನ್ನು ಅರದಿಂದ ಉಜ್ಜಿ, ಮೇಲೆ ಹೊಸ ನೀಲಿಕಪ್ಪು ಬಣ್ಣ ಏರಿಸಿದ್ದರು.

ಒಂದು ಎಳೆ ಸಿಕ್ಕ ಮೇಲೆ ಉಳಿದದ್ದು ತಾನೇ ಬಿಚ್ಚಿಕೊಂಡಿತು. ಬೋಲ್ಟಿನ ಅಂಕಿಗಳ ಅಂಚಿನಲ್ಲಿ ಉಗುರಿಗೆ ತಗಲುವಷ್ಟು ಲೋಹ ಉಬ್ಬಿತ್ತು. ಎಂಬತ್ತು ವರ್ಷ ಕೈಗಳೂ ಎಣ್ಣೆಬಟ್ಟೆಯೂ ಉಜ್ಜಿದ ಮುದ್ರೆಯಲ್ಲಿ ಆ ಉಬ್ಬು ಉಳಿಯುವುದಿಲ್ಲ. ಆ ಬೋಲ್ಟಿನ ಮೇಲೆ ಸೋವಿಯತ್ ಶಸ್ತ್ರಾಗಾರದವರು ವಿದ್ಯುತ್ ಲೇಖನಿಯಿಂದ ಗೀಚಿದ್ದ ಸಂಖ್ಯೆಯ ಬಾಲವೊಂದು ಭೂತಗನ್ನಡಿಯಲ್ಲಿ ಇನ್ನೂ ಕಾಣುತ್ತಿತ್ತು. ಸ್ಟಾಕನ್ನು ಮರಳುಕಾಗದದಿಂದ ಉಜ್ಜಿದ್ದರಿಂದ ಮರವು ಲೋಹದ ಪಟ್ಟಿಗಳಿಗಿಂತ ತಗ್ಗಾಗಿತ್ತು. ಮರವನ್ನು ಉಜ್ಜದೆ ಬಿಟ್ಟಿದ್ದರೆ ಅದು ಲೋಹಕ್ಕಿಂತ ಕೂದಲೆಳೆಯಷ್ಟಾದರೂ ಮೇಲಿರುತ್ತದೆ. ನಳಿಗೆಯ ತುದಿಯ ಬಳಿ ಒಂದು ಚಪ್ಪಟೆ ತೇಪೆಯೂ ಕಂಡಿತು. ಆಮದುದಾರರು ಕಾನೂನಿನಂತೆ ಒತ್ತಬೇಕಾದ ಪುಟ್ಟ ಅಕ್ಷರಗಳು ಬಹುಶಃ ಅಲ್ಲಿದ್ದವು. ಆಮದು ಮುದ್ರೆ ಇದ್ದರೆ ಸೈನಿಕ ಮನೆಗೆ ತಂದ ಕಥೆ ನಿಲ್ಲುವುದಿಲ್ಲವಲ್ಲ! ಮಾರಿದಾತ ಹಣ ಮರಳಿಸಲಿಲ್ಲ. ಉಜ್ಜದೆ ಬಿಟ್ಟಿದ್ದರೆ ಅದು ಪೂರ್ವ ರಣರಂಗದಲ್ಲಿ ಸೆರೆಸಿಕ್ಕ ಒಂದು ಪ್ರಾಮಾಣಿಕ ರೈಫಲ್ ಆಗಿರುತ್ತಿತ್ತು, ಕಡಿಮೆ ಬೆಲೆಗೆ ನಾನೇ ಸಂತೋಷದಿಂದ ಕೊಳ್ಳುತ್ತಿದ್ದೆ.

ಇಛಾಪುರದ ರೈಫಲನ್ನು ನಾನು ಪಕ್ಷಪಾತವಿಲ್ಲದೆ ನೋಡಲಾರೆ. ಮೈಸೂರಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ ಕವಾಯತಿಗೆ ಕೊಡುತ್ತಿದ್ದ, ಡಿಪಿ (ಡ್ರಿಲ್ ಪರ್ಪಸ್, ಕವಾಯತಿಗೆ ಮಾತ್ರ) ಎಂದು ಬರೆದ .303 ಅದೇ ಜಾತಿಯದು. ಸುಮಾರು 4 ಕಿಲೊ ತೂಕ ಹೆಗಲಿಗೆ ಇನ್ನೂ ನೆನಪಿದೆ. ಬೋಲ್ಟಿನ ಹಿಂದಿನ ಲೋಹದ ಕೊರಳಿನ ಬಲಬದಿಯಲ್ಲಿ ಕಿರೀಟ, ಚಕ್ರವರ್ತಿ ಜಾರ್ಜ್ ದೊರೆಯನ್ನು ಸೂಚಿಸುವ ಜಿ.ಆರ್.ಐ. ಎಂಬ ಅಕ್ಷರಗಳು, ಇಛಾಪುರದ ಹೆಸರು, ಇಸವಿ. ಸ್ವಾತಂತ್ರ್ಯದ ನಂತರದವುಗಳಲ್ಲಿ ಕಿರೀಟದ ಬದಲು ಅಶೋಕನ ಸಿಂಹಗಳಿರುತ್ತವೆ. ಮುಂಭಾಗದ ಮರದಲ್ಲಿ ಅಡ್ಡಲಾಗಿ ಹಾಯಿಸಿದ ಬಲವರ್ಧನೆಯ ತಿರುಪಿದೆ, ಅಮೆರಿಕದ ಸಂಗ್ರಾಹಕರು ಅದನ್ನು "ಇಶಾಪುರ್ ಸ್ಕ್ರೂ" ಎಂದೇ ಕರೆಯುತ್ತಾರೆ. ಸೀಳಿದ ಜಾಗಕ್ಕೆ ಬೇರೆ ಬಣ್ಣದ ಮರದ ತುಂಡನ್ನು ಹಳ್ಳಿಯ ಬಡಗಿ ಬಾಗಿಲಿಗೆ ಕೂಡಿಸುವಷ್ಟೇ ನಾಜೂಕಾಗಿ ಕೂಡಿಸಿದ್ದಾರೆ. ಹೊಸಬರು ಇದನ್ನು ಕಂಡು ಮುಖ ಸಿಂಡರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಭಾರತೀಯ ಸೇವೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಆದರೂ ಮೂರರಲ್ಲಿ ಅತಿ ಗೋಜಲಿನದು ಇದೇ. ರಿಸೀವರು, ಬೋಲ್ಟಿನ ಹಿಡಿ, ಮೂತಿಯ ಟೋಪಿ, ಹಿಂದಿನ ಗುರಿಪಟ್ಟಿ ಎಲ್ಲದರಲ್ಲೂ ಸಂಖ್ಯೆ ಹುಡುಕಬೇಕು, ಮತ್ತು ದಶಕಗಟ್ಟಲೆ ನಡೆದ ರಿಪೇರಿಯಲ್ಲಿ ಅವು ಅದಲುಬದಲಾಗಿರುತ್ತವೆ. ಪೊಲೀಸರು ಮತ್ತು ಕಾವಲುಗಾರರ ಬಳಕೆಗೆಂದು ಒಳಗೆ ಸುರುಳಿಗೆರೆಗಳಿಲ್ಲದ .410ರ ಒಂಟಿಗುಂಡಿನ ಕೋವಿಯಾಗಿ ಮಾರ್ಪಟ್ಟು, ಮ್ಯಾಗಜೀನಿನ ಜಾಗಕ್ಕೆ ಮರದ ಬೆಣೆ ಬಡಿಸಿಕೊಂಡವೂ ಉಂಟು. ಆದ್ದರಿಂದ ನಳಿಗೆಯೊಳಗೆ ಸುರುಳಿಗೆರೆಗಳಿವೆಯೇ ಎಂದು ಇಣುಕದೆ ದುಡ್ಡು ಎಣಿಸಬಾರದು. ಇದರ ತಂಗಿಯಾದ 2ಎ1 ಮಾದರಿಯ ಬಗ್ಗೆಯೂ ಒಂದು ತಪ್ಪು ನಂಬಿಕೆಯಿದೆ. ಅದು ಹಳೆಯ .303ಯನ್ನು ಕೊರೆದು 7.62 ನೇಟೊಗೆ ಹೊಂದಿಸಿದ್ದಲ್ಲ. 1960ರ ದಶಕದಲ್ಲಿ ಉತ್ತಮ ಉಕ್ಕಿನಿಂದ ಹೊಸದಾಗಿಯೇ ತಯಾರಿಸಿದ್ದು. ಅದರ ಚೌಕಾಕಾರದ ಮ್ಯಾಗಜೀನ್ ದೂರದಿಂದಲೇ ಗುರುತು ಹೇಳುತ್ತದೆ.

ನಳಿಗೆಯ ಪರೀಕ್ಷೆಯಲ್ಲಿ ಮೌಸರ್ ಮೊದಲು ನಿಂತಿತು ಎಂಬುದನ್ನು ಒಪ್ಪಬೇಕು. ಮೊಸಿನ್ನಿನ ಬಾಯಿ ಶುಚಿಗೊಳಿಸುವ ಸಲಾಕೆಯಿಂದ ಸವೆದು, ರಿಪೇರಿಯವರು ತುದಿಯಿಂದ ಒಳಕ್ಕೆ ಕೊರೆದು ಸವೆದ ಭಾಗವನ್ನು ತೆಗೆದಿದ್ದರು. ಅದರಿಂದ ಗುರಿಗೆ ಹಾನಿಯಿಲ್ಲ, ಆದರೆ ಗಮನಿಸದೆ ಕೊಂಡವನಿಗೆ ಬಾಯಿಯ ಅಳತೆ ಗಾಬರಿ ಹುಟ್ಟಿಸುತ್ತದೆ.

ಗುಂಡು ಹಾರಿಸುವ ಮುನ್ನ ಬೋಲ್ಟಿನ ಮುಖಕ್ಕೂ ನಳಿಗೆಯಲ್ಲಿ ಕಾಡತೂಸು ಆತು ನಿಲ್ಲುವ ಜಾಗಕ್ಕೂ ನಡುವಿನ ಅಂತರವನ್ನು ಗೇಜು ಎಂಬ ಅಳತೆಯ ತುಂಡುಗಳಿಂದ ಅಳೆಯಬೇಕು. ಬೋಲ್ಟಿನ ಸಂಖ್ಯೆ ಬರೀ ಬೆಲೆಯ ವಿಷಯವಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. .303ಗೆ 0.064 ಇಂಚಿನ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, 0.074ರ ಮೇಲೆ ಮುಚ್ಚಬಾರದು. ಮೊಸಿನ್ ಮತ್ತು ಮೌಸರ್ ತಮ್ಮ ತಮ್ಮ ಗೇಜುಗಳಲ್ಲಿ ತೇರ್ಗಡೆಯಾದವು, ಇಛಾಪುರದ್ದು 0.074ರ ಮೇಲೂ ಸಲೀಸಾಗಿ ಮುಚ್ಚಿಕೊಂಡಿತು. ಲೀ-ಎನ್‌ಫೀಲ್ಡಿನ ನಂಬರ್ 4 ಮಾದರಿಯಲ್ಲಾದರೆ 0ಯಿಂದ 3ರವರೆಗೆ ಅಳತೆ ನಮೂದಿಸಿದ ಬೋಲ್ಟ್ ತಲೆಗಳು ಸಿಗುತ್ತವೆ. ನಂಬರ್ 1ರಲ್ಲಿ ಆ ಸೌಲಭ್ಯವಿಲ್ಲ, ಒಂದೊಂದನ್ನೇ ತಿರುಗಿಸಿ ಕೂರಿಸಿ ನೋಡಬೇಕು. ಮೂರನೆಯ ತಲೆ ಕೂತಿತು. ಹಳೆಯ ತಲೆಯನ್ನು ಚೀಟಿ ಕಟ್ಟಿ ರೈಫಲಿನ ಜೊತೆಗೇ ಇಟ್ಟಿದ್ದೇನೆ. ಮೌಸರನ್ನು ಉಜ್ಜಿದ ಜಾಗಗಳ ಚಿತ್ರಗಳನ್ನೆಲ್ಲ ತೋರಿಸಿ, ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಮಾರಿಬಿಟ್ಟೆ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊಸಿನ್ನನ್ನೇ ಹೇಳುತ್ತೇನೆ, ಇಛಾಪುರದ್ದನ್ನಂತೂ ಯಾರಿಗೂ ಕೊಡುವುದಿಲ್ಲ.